ಕಾಗೆ ಕಾಯುವ ಕೆಲಸ

2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ಬೆಳಿಗ್ಗೆ ಬೇವು-ಬೆಲ್ಲ ತಿಂದು ಕಿಟಕಿಯಿಂದ ನೋಡಿದರೆ ಶಿರಸಿಯ ನಮ್ಮ ರಸ್ತೆಯಲ್ಲಿ ಒಂದು ಸ್ಕೂಟರ್ ಕೂಡ ಇರಲಿಲ್ಲ. ಎರಡು ವಾರದ ಹಿಂದೆ ಇದೇ ಊರಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವರ್ಷದ ಜಾತ್ರೆ ಮಾರ್ಚ್ ಮೊದಲಲ್ಲಿ ನಡೆದು, ಎಲ್ಲ ಬಂದ್ ಆಗುವ ಮೊದಲೇ ಮುಗಿದಿತ್ತು. ಬಿಡ್ಕಿ ಬಯಲಿನ ಅಂಗಡಿಗಳಿಂದ ತಂದ ಪ್ಲಾಸ್ಟಿಕ್ ಬುಲ್ಡೋಜರ್, ಪುಟ್ಟ ಅಡುಗೆ ಸೆಟ್ಟು, ಎರಡು ಪೀಪಿ. ಇಷ್ಟೇ ನಮ್ಮ ಮನೆಯಲ್ಲಿ ಹೊಸದಾಗಿ ಇದ್ದ ಆಟದ ಸಾಮಾನು. ಪೀಪಿ ಯುಗಾದಿಗೆ ಮೊದಲೇ ಒಡೆದಿತ್ತು.

ಮಗ ಆಗ ನಾಲ್ಕನೇ ಕ್ಲಾಸು, ಮಗಳು ಒಂದನೇ ಕ್ಲಾಸು. ಮಾರ್ಚ್ ನಡುವಿಗೇ ಶಾಲೆ ಮುಚ್ಚಿತ್ತು. ಪರೀಕ್ಷೆ ಇಲ್ಲದೆ ಪಾಸು ಅಂತ ಗೊತ್ತಾದ ದಿನ ಇಬ್ಬರೂ ಮನೆಯೆಲ್ಲ ಕುಣಿದಿದ್ದರು. ಪ್ರತಿ ವರ್ಷ ರಜೆ ಸಿಕ್ಕಿದ ಮಾರನೇ ದಿನವೇ ಚೀಲ ತುಂಬಿಕೊಂಡು ಅಜ್ಜನ ಮನೆಗೆ ಹೋಗುವುದು ರೂಢಿ. ಸಿದ್ದಾಪುರದ ಕಡೆ ಬಸ್ಸಿಳಿದು, ತೋಟದ ದಾರಿಯಲ್ಲಿ ಸ್ವಲ್ಪ ನಡೆದರೆ ಮನೆ. ಇಲ್ಲಿಂದ 22 ಕಿಲೋಮೀಟರ್. ಆ ಸಲ ಚೀಲ ತುಂಬಿಯೇ ಇತ್ತು. ಬಸ್ ಇರಲಿಲ್ಲ.

ಮೊದಲ ವಾರ ಹಾಗೂ ಹೀಗೂ ಕಳೆಯಿತು. ನಾನು ಒಂದು ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಒಂಬತ್ತಕ್ಕೆ ಮಗ್ಗಿ, ಹತ್ತಕ್ಕೆ ಚಿತ್ರ, ಹನ್ನೊಂದಕ್ಕೆ ಕತೆ ಪುಸ್ತಕ, ಮಧ್ಯಾಹ್ನ ಕ್ರಾಫ್ಟು. ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೆ ಹತ್ತು ವಿಡಿಯೋ ಬರುತ್ತಿದ್ದವು, ಕಾಗದದ ಕಪ್ಪೆ, ಬಾಟಲಿಯ ಹೂಕುಂಡ ಅಂತ. ಏಪ್ರಿಲ್‌ನಲ್ಲಿ ಶಿಕ್ಷಣ ಇಲಾಖೆಯವರು ಮಕ್ಕಳವಾಣಿ ಅಂತ ಯೂಟ್ಯೂಬ್ ಚಾನೆಲ್ ಶುರುಮಾಡಿದರು. ಕತೆ, ಹಾಡು ಚೆನ್ನಾಗಿದ್ದವು, ಮಕ್ಕಳು ಇಷ್ಟಪಟ್ಟೇ ನೋಡಿದರು. ಆದರೆ ಅದು ಮುಗಿದ ಮೇಲೆ? ಮಗ ಬಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ. "ಅಮ್ಮಾ, ಈಗ ಎಂತ ಮಾಡದು?"

ಆ ಒಂದು ಮಾತು ದಿನಕ್ಕೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಒಂದಾದ ಮೇಲೆ ಒಂದು ಆಟ ಹುಡುಕಿ ಕೊಟ್ಟೆ. ಪ್ರತಿಯೊಂದೂ ಅರ್ಧ ಗಂಟೆಗೆ ಮುಗಿಯುತ್ತಿತ್ತು. ಕಾಗದದ ಕಪ್ಪೆ ಮಾಡಿದರು, ಅದನ್ನು ಎರಡು ಸಲ ಹಾರಿಸಿದರು, ಮುಗಿಯಿತು. ಆ ಕಪ್ಪೆ ಯಾರಿಗೂ ಬೇಕಿರಲಿಲ್ಲ, ಅಲ್ವಾ? ಮಾಡಿದವರಿಗೂ ಬೇಕಿರಲಿಲ್ಲ. ಅದು ಹೊತ್ತು ಕಳೆಯಲಿಕ್ಕೆ ಕೊಟ್ಟದ್ದು ಅಂತ ಮಕ್ಕಳಿಗೆ ಚೆನ್ನಾಗಿ ತಿಳಿದಿತ್ತು. ಹೊರಗೆ ಭಟ್ಕಳದಲ್ಲಿ ಕೊರೊನಾ ಕೇಸು ಬಂದಿದೆ, ಅಲ್ಲಿಂದ ಯಾರೋ ಇಲ್ಲಿಗೆ ಬಂದಿದ್ದಾರಂತೆ ಅಂತ ಫೋನಿನಲ್ಲಿ ಸುದ್ದಿ. ದೊಡ್ಡವರು ಹೆದರಿ ಪಿಸುಗುಟ್ಟುತ್ತಿದ್ದೆವು. ಪಿಸುಗುಟ್ಟಿದ್ದನ್ನು ಮಕ್ಕಳು ಕೇಳಿಸಿಕೊಳ್ಳುತ್ತಿದ್ದರು. ಮಗಳು ರಾತ್ರಿ ನನ್ನ ಸೆರಗು ಹಿಡಿದುಕೊಂಡೇ ಮಲಗಲು ಶುರುಮಾಡಿದಳು.

ಒಂದು ಸಂಜೆ ನನ್ನ ಅಮ್ಮ ಫೋನ್ ಮಾಡಿದಳು. ನಾನು ಟೈಮ್‌ಟೇಬಲ್ ಕತೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ಮಕ್ಕೊಗೆ ಎಂತ ಕೆಲಸ ಕೊಟ್ಟಿದ್ದೆ?" ಅಂದಳು.

ಚಿತ್ರ ಬರೆಯಲಿಕ್ಕೆ ಕೊಟ್ಟಿದ್ದೇನೆ ಅಂದೆ.

"ಅದಲ್ಲ. ಕೆಲಸ ಎಂತ ಕೊಟ್ಟಿದ್ದೆ?"

ನನ್ನ ಬಳಿ ಉತ್ತರ ಇರಲಿಲ್ಲ. ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಏನು ಮಾಡುತ್ತಿದ್ದೆ ಅಂತ ಯೋಚಿಸಿದೆ. ಆಟ ಆಡಿದ್ದು ನೆನಪಿದೆ. ಅಡಿಕೆ ಹಾಳೆ ಮೇಲೆ ಕೂತು ಎಳೆಸಿಕೊಂಡದ್ದು, ಹಾಳೆಯನ್ನೇ ಕಿರೀಟ ಮಾಡಿಕೊಂಡು ಯಕ್ಷಗಾನ ಕುಣಿದದ್ದು, ಚೆನ್ನೆಮಣೆ. ಆದರೆ ಅವೆಲ್ಲ ಕೆಲಸದ ನಡುವೆ ಆಡಿದ ಆಟ. ನಮ್ಮ ಕಡೆ ಬೇಸಿಗೆ ಅಂದರೆ ಮಳೆಗಾಲದ ತಯಾರಿ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಸಿಲು ನಂಬುವ ಹಾಗಿಲ್ಲ. ಅಷ್ಟರೊಳಗೆ ಕಟ್ಟಿಗೆ ಒಳಗೆ ಬರಬೇಕು, ದರಕು, ಅಂದರೆ ಒಣ ಎಲೆ, ಕೊಟ್ಟಿಗೆ ಸೇರಬೇಕು, ಹಪ್ಪಳ ಡಬ್ಬ ಸೇರಬೇಕು, ಮಾವಿನ ಮಿಡಿ ಉಪ್ಪಿಗೆ ಬೀಳಬೇಕು, ಹುಣಸೆ, ಮುರುಗಲು (ಕೋಕಂ) ಒಣಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮನೆಯಲ್ಲಿ ಒಂದು ಕೈ ಕೂಡ ಖಾಲಿ ಇರುವುದಿಲ್ಲ. ಶಾಲೆಗೆ ರಜೆ ಇರುವುದೂ ಆಗಲೇ. ಮಕ್ಕಳ ಪಾಲಿಗೆ ಬರುತ್ತಿದ್ದದ್ದು ಕಾಗೆ ಕಾಯುವ ಕೆಲಸ. ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳಕ್ಕೆ ಕಾವಲು.

ಪೇಟೆಗೆ ಬಂದ ಮೇಲೆ ನಾನು ಹಪ್ಪಳ ಕೊಂಡು ತರುತ್ತಿದ್ದೆ. ಇಲ್ಲದಿದ್ದರೆ ಅಮ್ಮ ಕಟ್ಟಿ ಕಳಿಸುತ್ತಿದ್ದಳು. ಆ ವರ್ಷ ಕಳಿಸುವ ದಾರಿ ಇರಲಿಲ್ಲ. "ಕಾಯಿ ಕಳಿಸ್ತಿ, ಅಲ್ಲೇ ಮಾಡಿ," ಅಂದಳು. ಹಾಲಿನ ಗಾಡಿ ಮಾತ್ರ ದಿನಾ ಓಡುತ್ತಿತ್ತು. ಎರಡು ದಿನ ಬಿಟ್ಟು ಅದರಲ್ಲಿ ಎರಡು ಹಲಸಿನಕಾಯಿ, ಒಂದು ಚೀಲದಲ್ಲಿ ಅಪ್ಪೆಮಿಡಿ ಬಂದು ಇಳಿದವು. ಮಕ್ಕಳು ಆ ಕಾಯಿಗಳನ್ನು ನೆಂಟರು ಬಂದ ಹಾಗೆ ಒಳಗೆ ಕರೆದುಕೊಂಡು ಬಂದರು. ಮಗಳು ಒಂದಕ್ಕೆ ಮುಖ ಒತ್ತಿ ವಾಸನೆ ನೋಡಿ, "ಅಜ್ಜನ ಮನೆ ವಾಸನೆ" ಅಂದಳು.

ಹಲಸಿನಕಾಯಿ ಹಪ್ಪಳಕ್ಕೆ ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ಸ್ವಲ್ಪ ಹಣ್ಣಾದರೂ ಸಿಹಿಯಾಗಿ ಮೆತ್ತಗಾಗಿಬಿಡುತ್ತದೆ. ಮೆಟ್ಟುಗತ್ತಿಗೆ, ಕೈಗೆ ತೆಂಗಿನ ಎಣ್ಣೆ ಸವರಿಕೊಂಡು ಸೀಳಬೇಕು, ಇಲ್ಲದಿದ್ದರೆ ಮೇಣ ಬಿಡುವುದೇ ಇಲ್ಲ. ಕತ್ತಿಯ ಕೆಲಸ ನಮ್ಮವರದ್ದು. ಸೊಳೆ, ಅಂದರೆ ತೊಳೆ, ಬಿಡಿಸುವುದು ಮಕ್ಕಳದ್ದು. ಒಳಗಿನ ಬೇಳೆ (ಬೀಜ) ಬೇರೆ, ಸೊಳೆ ಬೇರೆ. ಮಗ ಮೊದಲ ಐದು ನಿಮಿಷ ಬೆರಳು ಅಂಟುತ್ತದೆ ಅಂತ ಗೊಣಗಿದ. ಆಮೇಲೆ ಮಾತು ನಿಂತಿತು. ನೋಡಿದರೆ ಮುಖ ಕೆಳಗೆ ಹಾಕಿ, ನಾಲಿಗೆ ತುದಿ ಹೊರಗಿಟ್ಟುಕೊಂಡು, ಒಂದೊಂದೇ ಸೊಳೆ ಹರಿಯದ ಹಾಗೆ ಎಳೆಯುತ್ತಿದ್ದ. ಎರಡು ಗಂಟೆ ಹೊತ್ತು "ಎಂತ ಮಾಡದು" ಅಂತ ಕೇಳಲಿಲ್ಲ.

ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಕುಟ್ಟಬೇಕು. ಆರಿದರೆ ನುಣ್ಣಗಾಗುವುದಿಲ್ಲ. ನಮ್ಮ ಬಾಡಿಗೆ ಮನೆಯಲ್ಲಿ ಒರಳು ಇಲ್ಲ. ಕೆಳಗಿನ ಮನೆಯವರ ಹಿತ್ತಿಲಲ್ಲಿ ಹಳೆಯ ಒರಳೊಂದು ಮಳೆ ನೀರು ತುಂಬಿಕೊಂಡು ಬಿದ್ದಿತ್ತು. ಅದನ್ನು ತಿಕ್ಕಿ ತೊಳೆದೆವು. ಉಪ್ಪು, ಖಾರ, ಜೀರಿಗೆ, ಇಂಗು ಹಾಕಿ ಕುಟ್ಟಿದಾಗ ಹಿತ್ತಿಲೆಲ್ಲ ಆ ಪರಿಮಳ. ಹಿಟ್ಟಿನ ಉಂಡೆಗೆ ತೆಂಗಿನ ಎಣ್ಣೆ ಹಚ್ಚಿ ಹಾಗೇ ಬಾಯಿಗೆ ಹಾಕಿಕೊಳ್ಳುವ ರುಚಿ ಹಪ್ಪಳ ಮಾಡಿದ ಮನೆಯ ಮಕ್ಕಳಿಗೇ ಗೊತ್ತು. ನನ್ನ ಮಕ್ಕಳಿಗೆ ಅದು ಆವತ್ತು ಗೊತ್ತಾಯಿತು.

ಒತ್ತುವುದು ಹೀಗೆ. ನಿಂಬೆ ಗಾತ್ರದ ಉಂಡೆ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಅದನ್ನಿಟ್ಟು, ಕೆಳಗೊಂದು ಮಣೆ, ಮೇಲೊಂದು ಮಣೆ. ನನ್ನ ಕೈಯ ಬಲ ಸಾಲುತ್ತಿರಲಿಲ್ಲ. ಮಗಳು ಬಂದು ಮೇಲಿನ ಮಣೆಯ ಮೇಲೆ ಕೂತಳು. ಎದ್ದಳು. ಹಪ್ಪಳ ಚಂದ್ರನ ಹಾಗೆ ಗುಂಡಗೆ ಹರಡಿತ್ತು. ಅವಳು ಅದನ್ನು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆರು ವರ್ಷದ ಮಗುವಿನ ಭಾರಕ್ಕೆ ಆ ಮನೆಯಲ್ಲಿ ಒಂದು ಉಪಯೋಗ ಸಿಕ್ಕಿತ್ತು. ಆಮೇಲೆ ಆ ಜಾಗ ಯಾರಿಗೂ ಬಿಟ್ಟುಕೊಡಲಿಲ್ಲ. ಕೂರುವುದು, ಏಳುವುದು, ಕೂರುವುದು, ಏಳುವುದು. ಅಣ್ಣ ಉಂಡೆ ಇಡುತ್ತಾನೆ, ಇವಳು ಕೂರುತ್ತಾಳೆ, ನಾನು ಬಿಡಿಸಿ ಚಾಪೆಗೆ ಹಾಕುತ್ತೇನೆ. ಆ ದಿನ 120 ಹಪ್ಪಳ ಆದವು.

ಮರುದಿನದಿಂದ ತಾರಸಿಯ ಮೇಲೆ ಕಾವಲು. ಕೋಲಿಗೆ ನನ್ನ ಹಳೆಯ ಕಪ್ಪು ದುಪಟ್ಟಾ ಕಟ್ಟಿ ನಿಲ್ಲಿಸಿದೆವು. ಶಿರಸಿ ಪೇಟೆಯ ಕಾಗೆಗಳು ಅರ್ಧ ದಿನದಲ್ಲೇ ಅದರ ಗುಟ್ಟು ತಿಳಿದುಕೊಂಡವು. ಆದ್ದರಿಂದ ಮನುಷ್ಯರೇ ಬೇಕಾಯಿತು. ನೀರಿನ ಟ್ಯಾಂಕಿನ ನೆರಳಲ್ಲಿ ಇಬ್ಬರೂ ಕೂತರು, ಪಾಳಿ ಪ್ರಕಾರ. ಒಬ್ಬರು ಊಟಕ್ಕೆ ಇಳಿದರೆ ಇನ್ನೊಬ್ಬರು ಅಲ್ಲೇ. ಸುಮ್ನೆ ಕೂತಿರುತ್ತಾರೆ ಅಂದುಕೊಂಡಿದ್ದೆ. ಸುಮ್ಮನೆ ಕೂರಲೇ ಇಲ್ಲ. ಯಾವ ಕಾಗೆಗೆ ರೆಕ್ಕೆಯ ಗರಿ ಹೋಗಿದೆ, ಯಾವುದು ಮೊದಲು ಬರುತ್ತದೆ, ಯಾವುದು ಎದುರು ಮನೆ ತೆಂಗಿನ ಮರದಲ್ಲಿ ಕೂತು ಉಳಿದವಕ್ಕೆ ಹೇಳುತ್ತದೆ, ಎಲ್ಲ ಅವರಿಗೆ ತಿಳಿಯಿತು. ಮಗ ಒಂದು ನೋಟ್‌ಬುಕ್ ಹಿಡಿದು ಕಳೆದುಹೋದ ಹಪ್ಪಳ ಬರೆದಿಡತೊಡಗಿದ. ಮೊದಲ ದಿನ ಏಳು. ಎರಡನೇ ದಿನ ಎರಡು. ಮೂರನೇ ದಿನ ಸೊನ್ನೆ. ಅರ್ಧ ಒಣಗಿದ ಹಪ್ಪಳ ತಿನ್ನಲು ಎಷ್ಟು ರುಚಿ ಅಂತ ನನಗೂ ಗೊತ್ತು. ಹಾಗಾಗಿ ಆ ಏಳರಲ್ಲಿ ಎಲ್ಲವೂ ಕಾಗೆಯ ಪಾಲಾದವೇ ಅಂತ ನಾನು ಕೇಳಲಿಲ್ಲ.

ಇಲ್ಲಿ ಒಂದು ತಪ್ಪು ಮಾಡಿದೆ. ಆ ನೋಟ್‌ಬುಕ್ ನೋಡಿ ನನಗೆ ಆಸೆ ಹುಟ್ಟಿತು. ಹೇಗೂ ಲೆಕ್ಕ ಬರೆಯುತ್ತಿದ್ದಾನೆ, ಇದರಲ್ಲೇ ಗಣಿತ ಕಲಿಸಿಬಿಡೋಣ ಅಂತ. ಅಪ್ಪೆಮಿಡಿ ಬಂದಿತ್ತಲ್ಲ. ಮಿಡಿಯನ್ನು ನಮ್ಮ ಕಡೆ ತೂಕಕ್ಕೆ ಮಾರುವುದಿಲ್ಲ, ಎಣಿಸಿ ನೂರಕ್ಕೆ ಇಷ್ಟು ಅಂತ ಮಾರುತ್ತಾರೆ. ತೊಟ್ಟು ಇರುವ ಮಿಡಿ ಉಪ್ಪಿನಕಾಯಿಗೆ, ತೊಟ್ಟು ಹೋಗಿ ಸೊನೆ ಸೋರಿದ್ದು, ಪೆಟ್ಟಾದದ್ದು ಬೇರೆಗೆ. ಇಬ್ಬರೂ ಕೂತು ಚೆನ್ನಾಗಿಯೇ ಬೇರೆ ಮಾಡುತ್ತಿದ್ದರು. ನಾನು ಹೋಗಿ, "340ರಲ್ಲಿ 55 ಹೋದರೆ ಎಷ್ಟು? ಶೇಕಡಾ ಎಷ್ಟು ಹಾಳಾಯ್ತು?" ಅಂತ ಶುರುಮಾಡಿದೆ. ಮಗ ಕೈಲಿದ್ದ ಮಿಡಿ ಕೆಳಗಿಟ್ಟ. ಎದ್ದು ಒಳಗೆ ಹೋದ. ಆ ದಿನ ಮತ್ತೆ ಬರಲಿಲ್ಲ. ಅವನು ಮಾಡುತ್ತಿದ್ದದ್ದು ಮನೆಯ ಕೆಲಸವಾಗಿತ್ತು. ನಾನು ಅದನ್ನು ಹೋಮ್‌ವರ್ಕ್ ಮಾಡಿಬಿಟ್ಟಿದ್ದೆ. ಆಮೇಲೆ ನಾನೂ ಅವನ ಪಕ್ಕ ಕೂತು ಮಿಡಿ ಆರಿಸಿದೆ, ಬಾಯಿ ಮುಚ್ಚಿಕೊಂಡು. ಹಾಗೆ ಕೂತಾಗಲೇ ಅವನು ಒಂದು ಮಧ್ಯಾಹ್ನ, ಕೈ ನಿಲ್ಲಿಸದೆ, "ಅಜ್ಜಂಗೆ ಕೊರೊನಾ ಬಂದ್ರೆ ನಾವು ನೋಡಲಿಕ್ಕೆ ಹೋಗಲಿಕ್ಕೆ ಆಗ್ತದಾ?" ಅಂತ ಕೇಳಿದ. ಎದುರು ಕೂರಿಸಿಕೊಂಡು ಕೇಳಿದ್ದರೆ ಈ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಕೈಗೆ ಕೆಲಸ ಇದ್ದಾಗ ಬಂತು. ನನಗೆ ತಿಳಿದಷ್ಟು ನಿಜ ಹೇಳಿದೆ. ಅವನು ಇನ್ನೊಂದು ಮಿಡಿ ಎತ್ತಿಕೊಂಡ.

ಕೆಳಗಿನ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಓದುವ ಹುಡುಗಿ ಇದ್ದಳು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಗಿ, ದಿನ ಗೊತ್ತಾಗದೆ, ಕೊನೆಗೆ ಜೂನ್ 25ಕ್ಕೆ ಶುರುವಾಯಿತು. ಮೂರು ತಿಂಗಳು ಅದೇ ಪಾಠ, ಅದೇ ಪ್ರಶ್ನೆಪತ್ರಿಕೆ. ಏಪ್ರಿಲ್ ಕೊನೆಗೆ ಅವಳಿಗೆ ಪುಸ್ತಕ ಮುಟ್ಟಿದರೆ ತಲೆ ಸುತ್ತುತ್ತಿತ್ತು. ಅವಳ ಅಮ್ಮ ಅಳುಮುಖ ಮಾಡಿಕೊಂಡು, ಮೆಟ್ಟಿಲಲ್ಲಿ ದೂರ ನಿಂತು ನನಗೆ ಇದನ್ನು ಹೇಳಿದಳು. ಎರಡನೇ ಸಲ ಹಪ್ಪಳ ಮಾಡುವಾಗ ಆ ಹುಡುಗಿ ತಾನೇ ಬಂದು ಒನಕೆ ಹಿಡಿದಳು. ಹಿತ್ತಿಲು ಬಯಲು, ಮಾಸ್ಕು ಹಾಕಿದ್ದಳು. ಒಂದು ಗಂಟೆ ಕುಟ್ಟಿದಳು, ಮಾತಿಲ್ಲದೆ. ಹೋಗುವಾಗ "ನಾಳೆನೂ ಇದ್ಯಾ?" ಅಂದಳು. ಮಾರನೇ ದಿನ ಕುಟ್ಟುವುದು ಏನೂ ಇರಲಿಲ್ಲ. ಇದೆ ಅಂದೆ. ಆ ಸಂಜೆಯೇ ಅಮ್ಮನಿಗೆ ಫೋನ್ ಮಾಡಿ ಇನ್ನೊಂದು ಕಾಯಿ ಕಳಿಸಲು ಹೇಳಿದೆ.

ಮೇ 19ಕ್ಕೆ ಮತ್ತೆ ಬಸ್ ಓಡಲು ಶುರುವಾಯಿತು. ಅದೇ ವಾರ ನಾವು ಸಿದ್ದಾಪುರದ ಬಸ್ ಹತ್ತಿದೆವು. ಮಕ್ಕಳ ಮಡಿಲಲ್ಲಿ ಬಿಸ್ಕೆಟ್ ಡಬ್ಬ. ಅದರಲ್ಲಿ ಅವರು ಒತ್ತಿದ 50 ಹಪ್ಪಳ, ಬಾಳೆನಾರಿನಲ್ಲಿ ಕಟ್ಟಿದ್ದು.

ಅಜ್ಜನ ಮನೆ ತಲುಪಿದರೂ ಬೆಟ್ಟಕ್ಕೆ ಹೋಗುವ ಹಾಗಿರಲಿಲ್ಲ. ಇದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಆ ಬೇಸಿಗೆಯಲ್ಲಿ ಸಿದ್ದಾಪುರದ ಕಡೆ ಕೊರೊನಾಕ್ಕಿಂತ ಮೊದಲೇ ಇನ್ನೊಂದು ಹೆದರಿಕೆ ಇತ್ತು, ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಅದು. ಕಾಡಿನ ಉಣುಗು, ಅಂದರೆ ಉಣ್ಣಿ ಹುಳ, ಕಚ್ಚಿದರೆ ಬರುತ್ತದೆ. ಬೇಸಿಗೆಯಲ್ಲೇ ಜಾಸ್ತಿ. ಮಂಗ ಸತ್ತು ಬಿದ್ದ ಜಾಗಕ್ಕೆ ಹೋಗಬೇಡಿ, ದರಕು ತರಲು ಹೋಗುವವರು ಉಣುಗು ಹತ್ತದ ಹಾಗೆ ಮೈಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಅಂತ ಆರೋಗ್ಯ ಇಲಾಖೆಯವರು ಮನೆ ಮನೆಗೆ ಹೇಳಿಹೋಗಿದ್ದರು. ಪೇಟೆಯಲ್ಲಿ ಮನುಷ್ಯರನ್ನು ಮುಟ್ಟುವ ಹಾಗಿಲ್ಲ, ಹಳ್ಳಿಯಲ್ಲಿ ಕಾಡನ್ನು ಮುಟ್ಟುವ ಹಾಗಿಲ್ಲ. ಕವಳಿ ಹಣ್ಣು, ನೇರಳೆ ಹಣ್ಣು ಅಂತ ಬೆಟ್ಟ ಸುತ್ತುವ ಮಕ್ಕಳಿಗೆ ಅಂಗಳವೇ ಗಡಿಯಾಯಿತು.

ಅಂಗಳದಲ್ಲಿ ಮುರುಗಲು ರಾಶಿ ಬಿದ್ದಿತ್ತು. ಸಿಪ್ಪೆ ಒಣಗಿಸಲಿಕ್ಕೆ, ಬೀಜ ತುಪ್ಪ ಮಾಡಲಿಕ್ಕೆ. ಮಳೆಗಾಲದಲ್ಲಿ ಹಿಮ್ಮಡಿ ಒಡೆದರೆ ಹಚ್ಚಲು ಅದೇ ತುಪ್ಪ. ಮಕ್ಕಳು ಕೇಳದೆಯೇ ಹೋಗಿ ಕೂತರು. ಸಂಜೆಯವರೆಗೆ ಬೆರಳು, ಅಂಗಿ, ಗಲ್ಲ ಎಲ್ಲ ಕೆಂಪು.

ಅವತ್ತು ರಾತ್ರಿ ಊಟಕ್ಕೆ ಮೊದಲು ಮಗ ಡಬ್ಬ ತಂದು ಅಜ್ಜಿಯ ಮುಂದೆ ಇಟ್ಟ. ಅಜ್ಜಿ ಒಂದು ಹಪ್ಪಳ ತೆಗೆದಳು. ದೀಪಕ್ಕೆ ಎದುರು ಹಿಡಿದಳು. ಹೆಬ್ಬೆರಳಿನಿಂದ ಅಂಚು ಸುತ್ತ ಸವರಿದಳು. ನಾನು ಉಸಿರು ಹಿಡಿದುಕೊಂಡಿದ್ದೆ. ಹೊಗಳಲಿ, ಮಕ್ಕಳು ಅಷ್ಟು ಕಷ್ಟಪಟ್ಟಿದ್ದಾರೆ ಅಂತ. ಅಜ್ಜಿ ಹೊಗಳಲಿಲ್ಲ. "ಅಂಚು ದಪ್ಪ ಆಜು," ಅಂದಳು. "ನಡು ಬೇಯ್ತು, ಅಂಚು ಹಸಿ ಉಳಿತು. ಬಪ್ಪ ವರ್ಷ ಮಣೆ ತಿರುಗಿಸಿ ಇನ್ನೊಂದ್ಸಲ ಒತ್ತಿ." ನನಗೆ ಬೇಸರವಾಯಿತು. ಮಗನ ಮುಖ ನೋಡಿದೆ. ಅವನು ತಲೆ ಆಡಿಸುತ್ತಿದ್ದ, ದೊಡ್ಡವರ ಹಾಗೆ. ಅಪ್ಪನ ಜೊತೆ, ಮಾವನ ಜೊತೆ ಅಜ್ಜಿ ಹೇಗೆ ಕೆಲಸದ ಮಾತಾಡುತ್ತಾಳೋ ಹಾಗೇ ತನ್ನ ಜೊತೆ ಮಾತಾಡಿದಳು ಅಂತ ಅವನಿಗೆ ಅನ್ನಿಸಿರಬೇಕು. ಆ ಬೇಸಿಗೆಯಲ್ಲಿ ನಾನು ಅವನಿಗೆ ನೂರು ಸಲ "ವಾವ್, ಸೂಪರ್" ಅಂದಿದ್ದೆ. ಆ ಯಾವುದಕ್ಕೂ ಅವನು ಹೀಗೆ ನೆಟ್ಟಗೆ ಕೂತಿರಲಿಲ್ಲ.

ಕೆಲಸ ಅನ್ನುವ ಶಬ್ದವನ್ನು ಇಷ್ಟು ಸಲ ಬರೆದ ಮೇಲೆ ಒಂದು ಮಾತು ಹೇಳಲೇಬೇಕು. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷಕ್ಕಿಂತ ಜಾಸ್ತಿ. ಒಂದನೇ ಕ್ಲಾಸು ಮುಗಿಸಿ ಹೊರಬಂದ ನನ್ನ ಮಗಳು ಮತ್ತೆ ಕ್ಲಾಸಿನ ಬೆಂಚಿನಲ್ಲಿ ಕೂತದ್ದು ಮೂರನೇ ಕ್ಲಾಸಿನಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳ ಮಕ್ಕಳು ನಿಜವಾದ ದುಡಿಮೆಗೆ ಇಳಿದುಬಿಟ್ಟಿದ್ದರು, ಅಪ್ಪ-ಅಮ್ಮನ ಕೂಲಿ ನಿಂತಿದ್ದಕ್ಕೆ. ಅವರ ಕೈಯ ಕೆಲಸವನ್ನೂ ನನ್ನ ಮಕ್ಕಳ ಹಪ್ಪಳವನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ನನ್ನ ಮಗಳು ಬೇಜಾರಾದಾಗ ಮಣೆಯಿಂದ ಎದ್ದು ಓಡಬಹುದಿತ್ತು. ಓಡಿದಳು ಕೂಡ, ಎಷ್ಟೋ ಸಲ. ಹಾಗೆ ಎದ್ದು ಓಡುವ ಸ್ವಾತಂತ್ರ್ಯ ಇಲ್ಲದಿದ್ದರೆ ಅದು ಮಗುವಿಗೆ ಕೊಡುವ ಕೆಲಸವೇ ಅಲ್ಲ. ಮೊಬೈಲ್ ಇಲ್ಲದ, ತಾರಸಿ ಇಲ್ಲದ, ಹಲಸು ಕಳಿಸುವ ಅಜ್ಜಿ ಇಲ್ಲದ ಮನೆಯ ಮಕ್ಕಳಿಗೆ ಆ ಎರಡು ಬೇಸಿಗೆ ಹೇಗೆ ಕಳೆಯಿತು ಅಂತ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2021ರಲ್ಲಿ ಮತ್ತೆ ಅದೇ. ಏಪ್ರಿಲ್ ಕೊನೆಗೆ ರಾಜ್ಯವೆಲ್ಲ ಬಂದ್, ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ. ಆ ಸಲ ಕಾಯಿಲೆ ನಮ್ಮ ಬೀದಿಯೊಳಗೇ ಬಂದಿತ್ತು. ಗೊತ್ತಿದ್ದವರು ತೀರಿಕೊಂಡರು. ಅದರ ಬಗ್ಗೆ ಇಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ. ಫ್ರಿಜ್ಜಿನ ಮೇಲೆ ಟೈಮ್‌ಟೇಬಲ್ ಅಂಟಿಸಲಿಲ್ಲ. ಹಾಲಿನ ಗಾಡಿಯಲ್ಲಿ ಹಲಸು ಬಂತು.

ಮೇ 15, ಶನಿವಾರ. ತೌಕ್ತೆ ಚಂಡಮಾರುತ ಕರಾವಳಿಯ ಎದುರಿಗೇ ಹಾದು ಹೋಗುತ್ತಿತ್ತು. ಕುಮಟಾ, ಹೊನ್ನಾವರದಲ್ಲಿ ಕಡಲು ಉಕ್ಕುತ್ತಿದೆ ಅಂತ ಸುದ್ದಿ. ಘಟ್ಟದ ಮೇಲೆ ನಮ್ಮಲ್ಲೂ ಮೋಡ ಕವಿದು, ತೆಂಗಿನ ಮರಗಳು ಬಾಗಿ ಬಾಗಿ ಏಳುತ್ತಿದ್ದವು. ತಾರಸಿಯ ಮೇಲೆ ಎರಡನೇ ಬಿಸಿಲಿನ ಹಪ್ಪಳ. ನಾನು ಆಸ್ಪತ್ರೆಯಲ್ಲಿದ್ದ ಗೆಳತಿಯ ಮನೆಯವರ ಜೊತೆ ಫೋನಿನಲ್ಲಿದ್ದೆ. ಫೋನಿಟ್ಟು ಓಡಿ ಮೇಲೆ ಹೋದರೆ ಚಾಪೆ ಖಾಲಿ. ಮಗಳು ಆಗಲೇ ಎಲ್ಲ ಬಾಚಿ ಬುಟ್ಟಿಗೆ ಹಾಕಿ, ಬುಟ್ಟಿಗೆ ಟವೆಲ್ ಮುಚ್ಚಿ, ಮೆಟ್ಟಿಲ ಮೇಲೆ ಅದನ್ನು ಅಪ್ಪಿಕೊಂಡು ಕೂತಿದ್ದಳು. ಮೊದಲ ಹನಿಗಳು ದಪ್ಪ ದಪ್ಪ ಬೀಳುತ್ತಿದ್ದವು.

ಒಳಗೆ ಚಾಪೆ ಹಾಸಿ, ಫ್ಯಾನ್ ಕೆಳಗೆ ಒಂದೊಂದಾಗಿ ಹರಡಿದೆವು. ಕರೆಂಟು ಹೋಯಿತು. ಮಗ ಒಂದು ಹಪ್ಪಳ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಅಂಚು ಸವರಿ ನೋಡಿದ. ನನ್ನ ಫೋನ್ ತೆಗೆದುಕೊಂಡು, ಹಾಗೇ ಬೆಳಕಿಗೆ ಹಿಡಿದು ಫೋಟೋ ಹೊಡೆದು, ಮಾವನ ನಂಬರಿಗೆ ಕಳಿಸಿದ. ಅಜ್ಜಿಗೆ ತೋರಿಸು ಅಂತ.

ನೆಟ್‌ವರ್ಕ್ ಬಂದಾಗ ರಾತ್ರಿ ಎಂಟಾಗಿತ್ತು. ಅಜ್ಜಿಯ ಧ್ವನಿ, ಹಿಂದೆ ಹಂಚಿನ ಮೇಲೆ ಮಳೆಯ ಸದ್ದು. "ಅಂಚು ಅಡ್ಡಿಲ್ಲೆ. ಮಿಡಿ ಉಪ್ಪಿಗೆ ಹಾಕಿ ಎಷ್ಟು ದಿನ ಆತು? ನಾಳೆ ಬೆಳಿಗ್ಗೆ ಒಂದ್ಸಲ ಅಡಿ ಮೇಲು ಮಾಡಿ. ಒದ್ದೆ ಕೈ ಹಾಕಡಿ."